ಗ್ಯಾಸು ಲೆಕ್ಕಕ್ಕೆ ಬಾರದಾಗ: ನಿಕ್ಕಲ್–ಕೋಬಾಲ್ಟ್ ನ್ಯಾನೋತಂತಿ ವೇಗವರ್ಧಕದ ದೋಷ ನಿವಾರಣೆ ಕೈಪಿಡಿ

ದೂರು ಯಾವುದು, ಮೊದಲು ಅದನ್ನು ಗೊತ್ತುಮಾಡಿ

"ಜಲಜನಕ ಸರಿಯಾಗಿ ಬರುತ್ತಿಲ್ಲ" ಅನ್ನುವ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ದೂರುಗಳಿರುತ್ತವೆ. ಕೊನೆಗೆ ಸಿಕ್ಕಿದ ಒಟ್ಟು ಗ್ಯಾಸು ಲೆಕ್ಕಕ್ಕಿಂತ ಕಡಿಮೆ ಎಂಬುದು ಒಂದು. ಒಟ್ಟು ಸರಿಯಿದೆ, ಆದರೆ ಬರಲು ವಿಪರೀತ ಹೊತ್ತು ಹಿಡಿಯಿತು ಎಂಬುದು ಇನ್ನೊಂದು. ವೇಗವರ್ಧಕವನ್ನು (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಇಲ್ಲಿ ಕಣ್ಣಿಗೆ ಕಾಣದಷ್ಟು ಸಪೂರವಾದ ಲೋಹದ ತಂತಿ) ಕೇಳಬೇಕಾದ್ದು ಹೊತ್ತಿನ ಲೆಕ್ಕ ಮಾತ್ರ. ಒಟ್ಟು ಎಷ್ಟು ಬರಬೇಕು ಅನ್ನುವುದು ಇಂಧನದ ಕೈಯಲ್ಲಿದೆ, ಎಷ್ಟು ಬಂತು ಅನ್ನುವುದು ಅಳೆಯುವ ಸಾಮಾನಿನ ಕೈಯಲ್ಲಿದೆ. ಆದರೂ ಗ್ಯಾಸು ಅಳೆಯುವ ಗಾಜಿನ ಕೊಳವೆಯಾದ ಬ್ಯುರೆಟ್‌ನಲ್ಲಿ 93 ಮಿಲಿಯ ಬದಲು 80 ಮಿಲಿ ಕಂಡ ಕೂಡಲೇ ತಂತಿ ಕೆಟ್ಟಿದೆ ಎಂದು ಹೊಸ ಬ್ಯಾಚ್ ಮಾಡಲು ಕೂರುವವರೇ ಹೆಚ್ಚು. ಎರಡು ದಿನದ ಕೆಲಸ, ತಂತಿ ತಯಾರಿಗೆ ಬೇಕಾದ ಹೈಡ್ರಜೀನ್ ಎಂಬ ವಿಷದ ಒಂದಿಷ್ಟು ಹೊಗೆ, ಕೊನೆಗೆ ಮತ್ತದೇ 80 ಮಿಲಿ.

ಇಲ್ಲಿ ಹೇಳುವುದೆಲ್ಲ ಸೋಡಿಯಂ ಬೋರೋಹೈಡ್ರೈಡ್ ಇಂಧನ, ಕೋಬಾಲ್ಟ್ ಹಚ್ಚಿದ ನಿಕ್ಕಲ್ ನ್ಯಾನೋತಂತಿ ಮತ್ತು ನೀರು ತಳ್ಳಿ ಅಳೆಯುವ ಗ್ಯಾಸ್ ಬ್ಯುರೆಟ್, ಈ ಮೂರನ್ನು ಇಟ್ಟುಕೊಂಡು. ಅಮೋನಿಯಾ ಬೋರೇನ್ ಮತ್ತಿತರ ಇಂಧನಗಳ ವಿಷಯ ಕೊನೆಯ ಕಡೆ ಇದೆ. ಮಂಗಳೂರು, ಉಡುಪಿ ಕಡೆಯ ಸೆಕೆ, ಮಳೆ, ಬಾವಿನೀರು, ಉಪ್ಪುಗಾಳಿಗಳಿಗೆ ಈ ಕೆಲಸದಲ್ಲಿ ದೊಡ್ಡ ಪಾತ್ರವಿದೆ. ಒಣ ಊರಿನವರು ಬರೆದ ವಿಧಾನವನ್ನು ಹಾಗೆಯೇ ಇಳಿಸಿಕೊಂಡರೆ ಅರ್ಧ ತೊಂದರೆ ಅಲ್ಲೇ ಶುರುವಾಗುತ್ತದೆ.

ಎಷ್ಟು ಬರಬೇಕಿತ್ತು?

ಒಂದು ಮೋಲ್ ಸೋಡಿಯಂ ಬೋರೋಹೈಡ್ರೈಡ್, ಅಂದರೆ 37.83 ಗ್ರಾಂ, ಎರಡು ಮೋಲ್ ನೀರಿನೊಂದಿಗೆ ಸೇರಿ ಒಂದು ಮೋಲ್ ಸೋಡಿಯಂ ಮೆಟಾಬೋರೇಟ್, ನಾಲ್ಕು ಮೋಲ್ ಜಲಜನಕ ಕೊಡುತ್ತದೆ. ಸುಮಾರು 210 ಕಿಲೋಜೂಲ್ ಶಾಖವೂ ಹೊರಬರುತ್ತದೆ. ಆ ಶಾಖದ ಕಥೆ ಆಮೇಲೆ.

ಪಠ್ಯಪುಸ್ತಕದ 22.4 ಲೀಟರ್ ಇಲ್ಲಿ ಕೆಲಸಕ್ಕೆ ಬಾರದು, ಅದು ಸೊನ್ನೆ ಡಿಗ್ರಿಯ ಲೆಕ್ಕ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲ್ ಒಣ ಗ್ಯಾಸಿಗೆ 24.87 ಲೀಟರ್ ಜಾಗ ಬೇಕು. ಬ್ಯುರೆಟ್‌ನಲ್ಲಿ ನೀರಿನ ಮೇಲೆ ಹಿಡಿದ ಗ್ಯಾಸು ಒಣಗಿರುವುದಿಲ್ಲ. 30 ಡಿಗ್ರಿಯಲ್ಲಿ ನೀರಾವಿಯ ಒತ್ತಡ 31.8 ಮಿಲಿಮೀಟರ್ ಪಾದರಸ. ಅದನ್ನು ಸೇರಿಸಿದರೆ ಮೋಲಿಗೆ ಹೆಚ್ಚುಕಡಿಮೆ 25.96 ಲೀಟರ್ ಆಗುತ್ತದೆ. ಹಾಗಾಗಿ ಒಂದು ಮಿಲಿಮೋಲ್ ಬೋರೋಹೈಡ್ರೈಡಿನಿಂದ ಒಣ ಲೆಕ್ಕದಲ್ಲಿ 99.5 ಮಿಲಿ, ಬ್ಯುರೆಟ್‌ನ ಓದಿನಲ್ಲಿ ಸುಮಾರು 104 ಮಿಲಿ. 100 ಮಿಲಿಯ ಬ್ಯುರೆಟ್ ಇಟ್ಟುಕೊಂಡವರು ಒಂದು ಮಿಲಿಮೋಲ್ ಹಾಕಿದರೆ ಕೊನೆಯ ಗುಳ್ಳೆಗಳು ಅಳತೆಪಟ್ಟಿಯ ಆಚೆ ಹೋಗುತ್ತವೆ, ಓದು 100ಕ್ಕೇ ನಿಲ್ಲುತ್ತದೆ, "ಶೇ. 96 ಮಾತ್ರ ಬಂತು" ಎಂಬ ತಪ್ಪು ಸಾಲು ನೋಟ್‌ಬುಕ್‌ಗೆ ಸೇರುತ್ತದೆ. 0.9 ಮಿಲಿಮೋಲ್ ಹಾಕಿ. ಆಗ 93.5 ಮಿಲಿ ಆಸುಪಾಸು ಬರಬೇಕು.

ಮಳೆಗಾಲದಲ್ಲಿ ವಾಯುಭಾರ ಇಳಿದಿರುತ್ತದೆ. 752 ಮಿಲಿಮೀಟರ್ ಇದ್ದರೆ ಅದೇ ಗ್ಯಾಸು ಒಂದು ಮಿಲಿ ಹೆಚ್ಚು ತೋರಿಸುತ್ತದೆ. ದೊಡ್ಡ ಸಂಗತಿಯಲ್ಲ, ಆದರೆ ಬೇಸಿಗೆಯ ಓದನ್ನು ಮಳೆಗಾಲದ ಓದಿನ ಪಕ್ಕ ಇಟ್ಟು ವಾದ ಮಾಡುವವರು ಇದನ್ನು ಮರೆಯಬಾರದು. ಕೋಣೆಯ ಉಷ್ಣತೆಯನ್ನೂ ಬ್ಯುರೆಟ್‌ನ ಪಕ್ಕದಲ್ಲೇ ಅಳೆಯಿರಿ. ಬ್ಯುರೆಟ್ ಎ.ಸಿ. ಗಾಳಿಯ ನೇರಕ್ಕಿದ್ದು ಥರ್ಮಾಮೀಟರ್ ಕಿಟಕಿಯ ಹತ್ತಿರ ನೇತಾಡುತ್ತಿದ್ದರೆ ಎರಡಕ್ಕೂ ಐದಾರು ಡಿಗ್ರಿ ವ್ಯತ್ಯಾಸ ಸಲೀಸಾಗಿ ಬರುತ್ತದೆ.

ತಂತಿಗೆ ಕೈಹಚ್ಚುವ ಮೊದಲು ನಾಲ್ಕು ಪರೀಕ್ಷೆ

ಈ ನಾಲ್ಕಕ್ಕೂ ಸೇರಿ ಒಂದು ಮಧ್ಯಾಹ್ನ ಸಾಕು. ಕ್ರಮ ತಪ್ಪಿಸಬೇಡಿ, ಹಿಂದಿನದು ಪಾಸಾಗದೆ ಮುಂದಿನದಕ್ಕೆ ಅರ್ಥವಿಲ್ಲ.

1. ಸೋರಿಕೆ. ಫ್ಲಾಸ್ಕು, ಟ್ಯೂಬು, ಬ್ಯುರೆಟ್ ಎಲ್ಲ ಜೋಡಿಸಿ, ಇಂಧನವಿಲ್ಲದೆ, ನೀರಿನ ಬಲ್ಬನ್ನು (ಬ್ಯುರೆಟ್‌ಗೆ ಟ್ಯೂಬಿನಿಂದ ಜೋಡಿಸಿದ, ಎತ್ತಿ ಇಳಿಸಬಹುದಾದ ನೀರಿನ ಪಾತ್ರೆ) 20 ಸೆಂಟಿಮೀಟರ್ ಕೆಳಗಿಳಿಸಿ 10 ನಿಮಿಷ ಬಿಡಿ. ಬ್ಯುರೆಟ್‌ನ ನೀರು ಮೊದಲು ಸ್ವಲ್ಪ ಜಾರಿ ನಿಲ್ಲಬೇಕು. ಜಾರುತ್ತಲೇ ಹೋದರೆ ಗಾಳಿ ಒಳಗೆ ಬರುತ್ತಿದೆ. ಹತ್ತರಲ್ಲಿ ಎಂಟು ಸಲ ಅಪರಾಧಿ ರಬ್ಬರ್ ಸೆಪ್ಟಮ್, ಅಂದರೆ ಸೂಜಿ ಚುಚ್ಚಿ ಇಂಧನ ಬಿಡುವ ಮುಚ್ಚಳ. ಒಂದೇ ಜಾಗಕ್ಕೆ ಹತ್ತಾರು ಸಲ ಸೂಜಿ ಚುಚ್ಚಿದ ಸೆಪ್ಟಮ್ ಬೆಳಕಿಗೆ ಹಿಡಿದರೆ ತೂತು ಕಾಣುವುದಿಲ್ಲ, ಬೆರಳಲ್ಲಿ ಬಗ್ಗಿಸಿದರೆ ಬಾಯಿ ಬಿಡುತ್ತದೆ. ಉಳಿದದ್ದು ಗ್ರೀಸ್ ಒಣಗಿದ ಗಾಜಿನ ಕೀಲುಗಳು. ಸಿಲಿಕೋನ್ ಟ್ಯೂಬಿನ ಗೋಡೆಯೊಳಗಿಂದಲೇ ಜಲಜನಕ ಹಾದುಹೋಗುತ್ತದೆ. ಹತ್ತು ನಿಮಿಷದ ಪ್ರಯೋಗಕ್ಕೆ ಪರವಾಗಿಲ್ಲ, ಗಂಟೆಗಟ್ಟಲೆ ಓಡುವುದಕ್ಕೆ ದಪ್ಪ ಗೋಡೆಯ ಪಿವಿಸಿ ಟ್ಯೂಬ್ ಹಾಕಿ, ಅದೂ ಎಷ್ಟು ಗಿಡ್ಡವಾಗುತ್ತದೋ ಅಷ್ಟು.

2. ಇಂಧನದ ಆಮ್ಲ ಪರೀಕ್ಷೆ. ಇನ್ನೊಂದು ಶುದ್ಧ ಫ್ಲಾಸ್ಕಿನಲ್ಲಿ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10 ಮಿಲಿ ತೆಗೆದುಕೊಳ್ಳಿ. ಇಂಧನ ದ್ರಾವಣದ (ಮಿಲಿಗೆ ಒಂದು ಮಿಲಿಮೋಲ್, ಮಾಡುವ ವಿಧಾನ ಮುಂದಿದೆ) 0.9 ಮಿಲಿಯನ್ನು ಒಂದು ನಿಮಿಷ ಹಿಡಿಸಿ ಹನಿಹನಿಯಾಗಿ ಬಿಡಿ. ಆಮ್ಲಕ್ಕೆ ವೇಗವರ್ಧಕ ಬೇಡ, ಇದ್ದ ಬೋರೋಹೈಡ್ರೈಡನ್ನೆಲ್ಲ ಒಡೆದು ಅದೇ ನಾಲ್ಕು ಪಟ್ಟು ಜಲಜನಕ ಕೊಡುತ್ತದೆ. ಇಲ್ಲಿ ಬಂದ ಅಂಕಿಯೇ ನಿಮ್ಮ ನೂರಕ್ಕೆ ನೂರು. ಸಾಂದ್ರ ಆಮ್ಲವನ್ನು ಮಾತ್ರ ಎಂದೂ ಮುಟ್ಟಬೇಡಿ, ಡೈಬೋರೇನ್ ಎಂಬ ತಾನಾಗಿ ಹೊತ್ತಿಕೊಳ್ಳಬಲ್ಲ ವಿಷಾನಿಲ ಏಳಬಹುದು.

3. ಖಾಲಿ ಓಟ. ತಂತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ, ಅದೇ ಫ್ಲಾಸ್ಕು, ಅದೇ ಕಲಕುಕಡ್ಡಿ, ಅದೇ ನೀರು. ಶೇ. 1 ಸೋಡಿಯಂ ಹೈಡ್ರಾಕ್ಸೈಡ್ (ಇಲ್ಲಿ ಕ್ಷಾರ ಎಂದರೆ ಇದೇ) ಇರುವಾಗ ಅರ್ಧ ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಗ್ಯಾಸು ಬರಬಾರದು. ಇಂಧನ ಚುಚ್ಚಿದಾಗ ಅದರದೇ 0.9 ಮಿಲಿ ಗಾತ್ರ ಅಷ್ಟೇ ಗಾಳಿಯನ್ನು ತಳ್ಳುತ್ತದೆ, ಅದನ್ನು ಪ್ರತಿ ಓದಿನಿಂದ ಕಳೆಯಬೇಕು. ಅದು ಬಿಟ್ಟು ಒಂದೆರಡು ಮಿಲಿ ಬಂದರೂ ಎಲ್ಲೋ ಹಳೆಯ ಲೋಹ ಕೂತಿದೆ ಎಂದರ್ಥ.

4. ಗೊತ್ತಿರುವ ವೇಗವರ್ಧಕ. ಕೋಬಾಲ್ಟ್ ಕ್ಲೋರೈಡ್ 5 ಮಿಲಿಗ್ರಾಂ ಹಾಕಿ ನೋಡಿ. 1953ರಲ್ಲಿ ಷ್ಲೆಸಿಂಜರ್, ಬ್ರೌನ್ ಅವರ ತಂಡ ಈ ಕ್ರಿಯೆಯನ್ನು ಪ್ರಕಟಿಸಿದಾಗಿನಿಂದಲೂ ಕೋಬಾಲ್ಟ್ ಲವಣ ಇದಕ್ಕೆ ಹೆಸರಾದದ್ದು. ಗುಲಾಬಿ ಲವಣ ಕ್ಷಣದಲ್ಲಿ ಕಪ್ಪು ಕೋಬಾಲ್ಟ್ ಬೋರೈಡ್ ಆಗಿ ಜೋರಾಗಿ ಗುಳ್ಳೆ ಎಬ್ಬಿಸಬೇಕು. ಒಟ್ಟು ಆಮ್ಲ ಪರೀಕ್ಷೆಯ ಅಂಕಿಗೆ ಒಂದು ಮಿಲಿ ಆಚೀಚೆ ಕೂತರೆ ಸಾಮಾನು, ಇಂಧನ ಎರಡೂ ನಿರ್ದೋಷಿ. ತಂತಿಯನ್ನು ಕಟಕಟೆಗೆ ಕರೆಯುವುದು ಈಗ.

ಆಮ್ಲದಲ್ಲಿಯೂ 80, ಕೋಬಾಲ್ಟ್‌ನಲ್ಲಿಯೂ 80 ಬಂತೋ? ಇಂಧನ ಕೆಟ್ಟಿದೆ ಅಥವಾ ತೂಕ ತಪ್ಪಿದೆ. ಆಮ್ಲದಲ್ಲಿ 93, ಕೋಬಾಲ್ಟ್‌ನಲ್ಲಿ 93, ತಂತಿಯಲ್ಲಿ 80ಕ್ಕೆ ನಿಂತಿತೋ? ತಂತಿ ನಡುವೆ ಸೋತಿದೆ, ಇಲ್ಲವೇ ನೀವು ಕಾಯಲಿಲ್ಲ.

ಓದು ತೆಗೆದುಕೊಳ್ಳುವಾಗ ಬಲ್ಬಿನ ನೀರನ್ನೂ ಬ್ಯುರೆಟ್‌ನ ನೀರನ್ನೂ ಸರಿಸಮಕ್ಕೆ ತರದಿದ್ದರೆ ಈ ಎಲ್ಲವೂ ವ್ಯರ್ಥ. 30 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಎಂದರೆ 22 ಮಿಲಿಮೀಟರ್ ಪಾದರಸ, ಓದಿನಲ್ಲಿ ಶೇ. 3ರಷ್ಟು ತಪ್ಪು.

ಇಂಧನದ ದೋಷಗಳು

ಮಳೆ ಜೋರಿನ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೋರೋಹೈಡ್ರೈಡ್ ಬಾಟ್ಲಿಗೂ ಅದೇ ಗತಿ, ಇನ್ನೂ ಬೇಗ. ಹೊಸ ಪುಡಿ ಬಾಟ್ಲಿ ಅಲುಗಿಸಿದರೆ ಸರಸರ ಉದುರುತ್ತದೆ. ತೇವ ಕುಡಿದದ್ದು ಮೊದಲು ಗೋಡೆಗೆ ಹತ್ತುತ್ತದೆ, ಆಮೇಲೆ ಗಟ್ಟಿ ಹೆಂಟೆಯಾಗುತ್ತದೆ, ಚಮಚ ಒತ್ತಿದರೆ ಪುಡಿಯಾಗದೆ ಜಜ್ಜಿಹೋಗುತ್ತದೆ. 36 ಡಿಗ್ರಿಗಿಂತ ಕೆಳಗೆ ಅದು ಎರಡು ಅಣು ನೀರು ಹಿಡಿದುಕೊಂಡು ಡೈಹೈಡ್ರೇಟ್ ಆಗಬಲ್ಲದು. ಪೂರ್ತಿ ಹಾಗಾದರೆ ನೀವು ತೂಗಿದ್ದರಲ್ಲಿ ಇಂಧನ ಇರುವುದು ಶೇ. 51 ಮಾತ್ರ. ಅದರ ಜೊತೆಗೆ ಒಂದು ಪಾಲು ಆಗಲೇ ಒಡೆದು ಬೋರೇಟ್ ಆಗಿರುತ್ತದೆ. ಹೊರನೋಟಕ್ಕೆ ಎರಡೂ ಬಿಳಿಯೇ.

ಮಳೆಗಾಲದಲ್ಲಿ 34 ಮಿಲಿಗ್ರಾಂ ಪುಡಿಯನ್ನು ಪ್ರತಿ ಸಲ ಕಾಗದದ ಮೇಲೆ ತೂಗುವ ಪದ್ಧತಿಯನ್ನೇ ಬಿಟ್ಟುಬಿಡಿ. ತಕ್ಕಡಿಯ ಕೊನೆಯ ಅಂಕಿ ನಿಲ್ಲದೆ ಏರುತ್ತಿರುತ್ತದೆ. ಕೈ ನಡುಗಿದ್ದಲ್ಲ, ಪುಡಿ ನೀರು ಕುಡಿಯುತ್ತಿರುವುದು. ಅದರ ಬದಲು ಒಮ್ಮೆಗೇ ದ್ರಾವಣ ಮಾಡಿಟ್ಟುಕೊಳ್ಳಿ. ಶೇ. 1 ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಮೊದಲು ಸಿದ್ಧವಾಗಲಿ, ಪೂರ್ತಿ ತಣಿಯಲಿ. ಆಮೇಲೆ ಅದರಲ್ಲಿ 0.946 ಗ್ರಾಂ ಬೋರೋಹೈಡ್ರೈಡ್ ಕರಗಿಸಿ 25 ಮಿಲಿಗೆ ಏರಿಸಿ. ಒಂದು ಮಿಲಿಗೆ ಒಂದು ಮಿಲಿಮೋಲ್. ಬೋರೋಹೈಡ್ರೈಡನ್ನು ಬರೇ ನೀರಿಗೆ ಹಾಕಿ ಆಮೇಲೆ ಕ್ಷಾರ ಸೇರಿಸುವ ಉಲ್ಟಾ ಕ್ರಮ ಬೇಡ. ಆ ನಾಲ್ಕೈದು ನಿಮಿಷದಲ್ಲೇ ಇಂಧನ ಕರಗುವುದರ ಜೊತೆ ಕಳೆಯುತ್ತದೆ.

ಕ್ಷಾರ ಯಾಕೆ ಇಷ್ಟು ಮುಖ್ಯ ಎಂದರೆ, 25 ಡಿಗ್ರಿಯಲ್ಲಿ ಪಿಎಚ್ 14 ಇದ್ದರೆ ಇಂಧನದ ಅರ್ಧಾಯುಷ್ಯ ಸುಮಾರು 426 ದಿನ, ಪಿಎಚ್ 10ಕ್ಕೆ ಇಳಿದರೆ ಸುಮಾರು ಒಂದು ಗಂಟೆ. ಉಷ್ಣತೆ ಏರಿದರೆ ಇನ್ನೂ ಕಡಿಮೆ. ಹೈಡ್ರಾಕ್ಸೈಡ್ ಹರಳುಗಳೂ ಇಲ್ಲಿ ಬಾಟ್ಲಿ ತೆರೆದ ಕೂಡಲೇ ಬೆವರುತ್ತವೆ. ಒಂದಕ್ಕೊಂದು ಅಂಟಿಕೊಂಡ ಹರಳು ತೂಗಿದರೆ ನೀರನ್ನೂ ಕಾರ್ಬನೇಟನ್ನೂ ತೂಗಿದ ಹಾಗೆ. ದ್ರಾವಣದ ಬಾಟ್ಲಿಯ ತಳದಿಂದ ಒಂದೇ ಚುಕ್ಕೆಯಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿದ್ದರೆ ಅಲ್ಲಿ ಲೋಹದ ಧೂಳು ಬಿದ್ದಿದೆ, ಸೋಸಿ ತೆಗೆಯಿರಿ. ಬಾಟ್ಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ.

ನೀರು

ಬಾವಿನೀರು ಕುಡಿಯಲು ರುಚಿ, ಇಲ್ಲಿಗೆ ಬೇಡ. ಮುರಕಲ್ಲು ನೆಲದ ಬಾವಿಗಳ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಹಲವು ಕಡೆ ಕಬ್ಬಿಣವೂ ಇರುತ್ತದೆ. ಹೊಳೆಬಾಯಿಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಆಮ್ಲ ಇಂಧನವನ್ನು ತಿನ್ನುತ್ತದೆ, ಕಬ್ಬಿಣ ಬೋರೋಹೈಡ್ರೈಡಿನಿಂದ ಅಪಕರ್ಷಣೆಗೊಂಡು ತಂತಿಯ ಮೇಲೆ ಕೂರುತ್ತದೆ, ಕ್ಲೋರೈಡ್ ಶೇಖರಿಸಿಟ್ಟ ತಂತಿಯನ್ನು ಕೊರೆಯುತ್ತದೆ. ಅಯಾನು ತೆಗೆದ ನೀರನ್ನೇ ಬಳಸಿ. ಅದರ ಮೇಲೂ ಸಂಶಯವಿದ್ದರೆ 5 ಮಿಲಿ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ಕಪ್ಪು ಕಾಗದದ ಮುಂದೆ ಹಿಡಿಯಿರಿ. ತೆಳು ಮಂಜು ಕಂಡರೆ ಡಿಸ್ಟಿಲ್ಡ್ ಎಂದು ಬರೆದ ಕ್ಯಾನ್ ಆದರೂ ವಾಪಸ್.

ಗೆರೆಯ ಆಕಾರ ಏನು ಹೇಳುತ್ತದೆ

ಪ್ರತಿ 30 ಸೆಕೆಂಡಿಗೊಮ್ಮೆ ಓದಿ ಗ್ರಾಫ್ ಹಾಕಿ. ಕೊನೆಯ ಅಂಕಿಗಿಂತ ಗೆರೆಯ ಆಕಾರದಲ್ಲೇ ಹೆಚ್ಚು ಸುಳಿವು ಇರುವುದು. 9 ಮಿಲಿ ಶೇ. 1 ಕ್ಷಾರದಲ್ಲಿ 10 ಮಿಲಿಗ್ರಾಂ ತಂತಿ, ಅದಕ್ಕೆ 0.9 ಮಿಲಿ ಇಂಧನ, 30 ಡಿಗ್ರಿಯ ನೀರಿನ ತೊಟ್ಟಿ, ಇದು ಇಲ್ಲಿ ಹಿಡಿದಿರುವ ಮಾದರಿ. ಇಂಧನ ಸಾಕಷ್ಟು ಇರುವವರೆಗೆ ಗೆರೆ ಹೆಚ್ಚುಕಡಿಮೆ ನೇರವಾಗಿ ಏರಿ ಕೊನೆಗೆ ಬಾಗಬೇಕು.

ಮೊದಲ ಕೆಲವು ನಿಮಿಷ ಏನೂ ಇಲ್ಲ, ಆಮೇಲೆ ಸರಿಯಾಗಿ ಏರುತ್ತದೆ ಎಂದರೆ ತಂತಿಯ ಮೈಮೇಲೆ ಆಕ್ಸೈಡ್ ಪದರ ಇದೆ. ಬೋರೋಹೈಡ್ರೈಡ್ ಮೊದಲು ಅದನ್ನು ತೆಗೆಯುವುದಕ್ಕೆ ಖರ್ಚಾಗುತ್ತಿದೆ. ಎರಡನೇ ಓಟದಲ್ಲಿ ಈ ಮಂದ ಹೊತ್ತು ಮಾಯವಾದರೆ ಗುಮಾನಿ ಖಚಿತ. ಮಾಯವಾಗದಿದ್ದರೆ ತಂತಿ ತಯಾರಿಸುವಾಗ ಬಳಸಿ ತೊಳೆಯದೆ ಉಳಿದ ಗ್ಲೈಕಾಲ್ ಅಥವಾ ಪಾಲಿಮರ್ ಹೊದಿಕೆಯನ್ನು ಹುಡುಕಿ.

ಗೆರೆ ಮೇಲಕ್ಕೆ ಬಾಗುತ್ತ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ ಎರಡು ಸಾಧ್ಯತೆ. ಒಂದು ಶಾಖ: 0.9 ಮಿಲಿಮೋಲ್ ಒಡೆದಾಗ 189 ಜೂಲ್ ಹೊರಬರುತ್ತದೆ, 10 ಮಿಲಿ ನೀರನ್ನು ನಾಲ್ಕೂವರೆ ಡಿಗ್ರಿ ಏರಿಸಲು ಅದು ಸಾಕು. ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಮೋಲಿಗೆ 50 ಕಿಲೋಜೂಲ್ ಎಂದುಕೊಂಡರೆ ಅಷ್ಟರಲ್ಲೇ ವೇಗ ಮೂರನೇ ಒಂದು ಪಾಲು ಹೆಚ್ಚುತ್ತದೆ. ತೊಟ್ಟಿಯ ನೀರಿನ ಉಷ್ಣತೆ ಬರೆದು "30 ಡಿಗ್ರಿಯ ವೇಗ" ಎನ್ನುವವರು ಫ್ಲಾಸ್ಕಿನ ಒಳಗೆ ಥರ್ಮಾಮೀಟರ್ ಇಳಿಸಿ ನೋಡಲಿ. ಫ್ಲಾಸ್ಕಿನ ಮೇಲಿರುವ 90 ಮಿಲಿ ಗಾಳಿಯೂ ಐದು ಡಿಗ್ರಿ ಬಿಸಿಯಾದರೆ ಒಂದೂವರೆ ಮಿಲಿ ಹಿಗ್ಗುತ್ತದೆ. ಹಾಗಾಗಿ ಕೊನೆಯ ಓದನ್ನು ತಣಿದ ಮೇಲೆಯೇ ತೆಗೆಯಬೇಕು. ಎರಡನೇ ಸಾಧ್ಯತೆ ಇದಕ್ಕಿಂತ ಕೆಟ್ಟದು, ಕೋಬಾಲ್ಟ್ ತಂತಿಯಿಂದ ಕಳಚಿ ದ್ರಾವಣದಲ್ಲಿ ಹೊಸ ಪುಡಿಯಾಗಿ ಕೆಲಸ ಮಾಡುತ್ತಿರುವುದು. ಅದರ ಪರೀಕ್ಷೆ ಕೆಳಗಿದೆ.

ಚೆನ್ನಾಗಿ ಶುರುವಾಗಿ ಬೇಗ ಸೋತರೆ ಗಾಜನ್ನು ನೋಡಿ. ನೊರೆಯ ಜೊತೆ ತಂತಿಗಳ ಕಪ್ಪು ಪದರ ಮೇಲೆದ್ದು ಫ್ಲಾಸ್ಕಿನ ಗೋಡೆಗೆ ಉಂಗುರದ ಹಾಗೆ ಅಂಟಿಕೊಂಡಿರುತ್ತದೆ. ನೀರಿಗಿಂತ ಒಂದು ಬೆರಳು ಮೇಲೆ ಕೂತ ತಂತಿ ಏನು ಮಾಡೀತು? ಫ್ಲಾಸ್ಕನ್ನು ಒಮ್ಮೆ ಓರೆ ಮಾಡಿ ಉಂಗುರವನ್ನು ತೋಯಿಸಿದ ಕೂಡಲೇ ಗುಳ್ಳೆ ಮರಳಿದರೆ ಕಾಯಿಲೆ ಅದೇ.

ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ತಂತಿಯ ಮಟ್ಟಿಗೆ ನಿಶ್ಚಿಂತೆ. ಬ್ಯುರೆಟ್ ಒಳಗೆ ಜಿಡ್ಡಿದೆ, ಅಥವಾ ಟ್ಯೂಬಿನ ತಗ್ಗಿನಲ್ಲಿ ನೀರಿನ ಹನಿ ಕೂತು ಗ್ಯಾಸನ್ನು ತಡೆದು ತಡೆದು ಬಿಡುತ್ತಿದೆ.

ಕಲಕುಕಡ್ಡಿ ಎಂಬ ಕಳ್ಳ

ನಿಕ್ಕಲ್ ತಂತಿಯನ್ನು ಅಯಸ್ಕಾಂತದ ಕಲಕುಕಡ್ಡಿಯಿಂದ ಕಲಕುವುದು, ಸ್ವಲ್ಪ ಯೋಚಿಸಿದರೆ, ತಮಾಷೆಯ ಕೆಲಸ. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುತ್ತದೆ. ಒಂದೆರಡು ನಿಮಿಷದಲ್ಲಿ ತಂತಿಗಳೆಲ್ಲ ಕಡ್ಡಿಯ ಎರಡು ತುದಿಗೆ ಮೀಸೆಯ ಹಾಗೆ ಕೂಡಿಕೊಳ್ಳುತ್ತವೆ, ದ್ರಾವಣ ತಿಳಿಯಾಗುತ್ತದೆ. ಮೀಸೆಯ ಹೊರಮೈ ಮಾತ್ರ ದುಡಿಯುತ್ತದೆ, ಒಳಗಿನ ತಂತಿಗಳಿಗೆ ಇಂಧನವೇ ತಲುಪುವುದಿಲ್ಲ. "ತಂತಿ ಪುಡಿಗಿಂತ ಕಳಪೆ" ಎಂಬ ಎಷ್ಟೋ ತೀರ್ಪುಗಳು ಇಲ್ಲಿಂದ ಹುಟ್ಟಿದವು.

ಪತ್ತೆ ಸುಲಭ. ತಂತಿಯನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿ. ವೇಗ ಅರ್ಧ ಆಗಬೇಕು. ಬಹುತೇಕ ಅಷ್ಟೇ ಉಳಿದರೆ ಹೆಚ್ಚಿನ ತಂತಿ ಕೆಲಸವಿಲ್ಲದೆ ಕೂತಿತ್ತು. ಇನ್ನೊಂದು, ಕಲಕುವ ವೇಗವನ್ನು ನಿಮಿಷಕ್ಕೆ 400 ಸುತ್ತಿನಿಂದ 800ಕ್ಕೆ ಏರಿಸಿ. ಗ್ಯಾಸಿನ ವೇಗವೂ ಏರಿದರೆ ನೀವು ಅಳೆಯುತ್ತಿರುವುದು ತಂತಿಯ ಚುರುಕನ್ನಲ್ಲ, ಇಂಧನ ತಂತಿಯವರೆಗೆ ನಡೆದು ಬರುವ ವೇಗವನ್ನು.

ಪರಿಹಾರಕ್ಕೆ ಮೇಲಿನಿಂದ ತಿರುಗಿಸುವ ಗಾಜಿನ ಕಡ್ಡಿ ಅಥವಾ ಅಲುಗಾಡಿಸುವ ನೀರಿನ ತೊಟ್ಟಿ ಬಳಸಬಹುದು. ಅದಕ್ಕಿಂತ ಒಳ್ಳೆಯದು ತಂತಿಯನ್ನು ನಿಕ್ಕಲ್ ಫೋಮ್ ಅಥವಾ ಗಾಜಿನ ನಾರಿನ ಫಿಲ್ಟರ್ ಮೇಲೆ ತೆಳ್ಳಗೆ ಸೋಸಿ ಚಾಪೆಯ ಹಾಗೆ ಕೂರಿಸಿ ಫ್ಲಾಸ್ಕಿನಲ್ಲಿ ಇಳಿಬಿಡುವುದು. ಗ್ಯಾಸು ನಿಲ್ಲಿಸಬೇಕಾದಾಗ ಚಾಪೆ ಎತ್ತಿದರೆ ಆಯಿತು.

ಕಡ್ಡಿಯ ಇನ್ನೊಂದು ಕಳ್ಳತನವೂ ಇದೆ. ಅದರ ಬಿಳಿ ಟೆಫ್ಲಾನ್ ಮೈಮೇಲಿನ ಗೀರುಗಳಲ್ಲಿ ಹಿಂದಿನ ಪ್ರಯೋಗದ ಪಲ್ಲೇಡಿಯಂ, ಕೋಬಾಲ್ಟ್ ಅಡಗಿರುತ್ತದೆ. ಖಾಲಿ ಓಟದಲ್ಲಿ ಗ್ಯಾಸು ಬಂದರೆ ಮೊದಲು ಕಡ್ಡಿ ಬದಲಿಸಿ. ಬೂದಿ ಬಣ್ಣದ ಗೀರು ಕಂಡ ಕಡ್ಡಿಯನ್ನು ತೊಳೆಯುವ ಸಾಹಸಕ್ಕಿಂತ ಎಸೆಯುವುದು ಅಗ್ಗ.

ತಂತಿ ತಯಾರಿಯಲ್ಲಿ ಆಗುವ ತಪ್ಪುಗಳು

ಸಾಮಾನ್ಯ ವಿಧಾನ ಇದು. 50 ಮಿಲಿ ಎಥಿಲೀನ್ ಗ್ಲೈಕಾಲ್‌ನಲ್ಲಿ 0.12 ಗ್ರಾಂ ನಿಕ್ಕಲ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಮತ್ತು 0.4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿ, ಶೇ. 80ರ ಹೈಡ್ರಜೀನ್ ಹೈಡ್ರೇಟ್ 2 ಮಿಲಿ ಸೇರಿಸಿ, ಫ್ಲಾಸ್ಕಿನ ಪಕ್ಕಕ್ಕೆ ಅಯಸ್ಕಾಂತ ಇಟ್ಟು, ಕಲಕದೆ, 70ರಿಂದ 80 ಡಿಗ್ರಿಯಲ್ಲಿ ಬಿಡುವುದು. ಪೂರ್ತಿ ಆದರೆ ಸುಮಾರು 30 ಮಿಲಿಗ್ರಾಂ ನಿಕ್ಕಲ್. ಹೈಡ್ರಜೀನ್ ವಿಷ, ಕ್ಯಾನ್ಸರ್‌ಕಾರಕವೆಂಬ ಬಲವಾದ ಸಂಶಯವಿರುವ ವಸ್ತು. ಕೈಗವಸು, ಹೊಗೆಗೂಡು ಇಲ್ಲದೆ ಬಾಟ್ಲಿ ತೆರೆಯಬೇಡಿ.

ಬಣ್ಣವನ್ನು ನೋಡುತ್ತಿರಿ. ಹಸಿರು ದ್ರಾವಣ ಹೈಡ್ರಜೀನ್ ಬಿದ್ದ ಕೂಡಲೇ ನೀಲಿ-ನೇರಳೆಗೆ ತಿರುಗುತ್ತದೆ, ಬಿಸಿಯಾದ ಮೇಲೆ ಬೂದಿ, ಆಮೇಲೆ ಕಪ್ಪು. ಸರಿಯಾದ ತಂತಿ ಪುಡಿಯ ಹಾಗೆ ತಳಕ್ಕೆ ಬೀಳುವುದಿಲ್ಲ. ಸಾರಜನಕದ ಗುಳ್ಳೆಗಳನ್ನು ಸಿಕ್ಕಿಸಿಕೊಂಡು ಕಪ್ಪು ಹತ್ತಿಯ ಹಾಗೆ ಮೇಲೆ ತೇಲುತ್ತದೆ, ಅಯಸ್ಕಾಂತ ಸರಿಸಿದರೆ ಇಡೀ ಮುದ್ದೆ ಒಟ್ಟಾಗಿ ವಾಲುತ್ತದೆ.

ನೇರಳೆಯಲ್ಲೇ ನಿಂತುಬಿಟ್ಟರೆ ಬಿಸಿ ಸಾಲದು, ಅಥವಾ ಬೆವರಿದ ಹೈಡ್ರಾಕ್ಸೈಡ್ ತೂಗಿದ್ದರಿಂದ ಕ್ಷಾರ ಸಾಲದು, ಅಥವಾ ಹೈಡ್ರಜೀನ್ ಹಳತು. ಕರೆಂಟು ಹೋಗಿ ಅರ್ಧದಲ್ಲಿ ತಣಿದ ಬ್ಯಾಚನ್ನು ಮತ್ತೆ ಬಿಸಿ ಮಾಡಿ ಮುಂದುವರಿಸಿದರೆ ದಪ್ಪ, ಗಂಟುಗಂಟಾದ ತಂತಿ ಸಿಗುವ ಸಂಭವ ಹೆಚ್ಚು. ಅದನ್ನು ವೇಗ ಹೋಲಿಸುವ ಕೆಲಸಕ್ಕೆ ಬಳಸಬೇಡಿ. ಬೂದಿ ಪುಡಿ ತಳಕ್ಕೆ ಕೂತರೆ ತಂತಿಯ ಬದಲು ಉಂಡೆಗಳಾಗಿವೆ. ಈ ತಂತಿ ಎಂದರೆ ಮಣಿ ಪೋಣಿಸಿದ ಸರ. ಮಣಿಗಳು ಹುಟ್ಟುವ ಹೊತ್ತಿಗೇ ಅಯಸ್ಕಾಂತ ಅಲ್ಲಿರಬೇಕು, ಆಮೇಲೆ ತಂದಿಟ್ಟರೆ ಸರವಾಗುವುದಿಲ್ಲ. ಇಲ್ಲಿ ಒಂದು ಗುಟ್ಟಿನ ದೋಷವಿದೆ. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ತಣಿದರೂ ಪೂರ್ತಿ ಮರಳುವುದಿಲ್ಲ. ಬಿಸಿ ಎಣ್ಣೆಯಲ್ಲಿ ಮುಳುಗಿಸಿಟ್ಟ ಅಯಸ್ಕಾಂತ ಮೊದಲ ಬ್ಯಾಚಿಗೆ ತಂತಿ ಕೊಟ್ಟು ಐದನೆಯದಕ್ಕೆ ಪುಡಿ ಕೊಟ್ಟರೆ ಆಶ್ಚರ್ಯಪಡಬೇಡಿ. ಕಬ್ಬಿಣದ ಮೊಳೆ ಎಷ್ಟು ದೂರದಿಂದ ಹಾರಿ ಅಂಟುತ್ತದೆ ಎಂದು ಆಗಾಗ ಸ್ಕೇಲಿಟ್ಟು ಅಳೆದು ಬರೆದಿಡಿ.

ಗಾಜಿನ ಒಳಮೈ ಕನ್ನಡಿಯಾದರೆ ಫ್ಲಾಸ್ಕು ಕೊಳಕಾಗಿತ್ತು, ನಿಕ್ಕಲ್ ಗೋಡೆಗೆ ಕೂತಿತು. ಬಿಸಿ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ತೊಳೆಯಿರಿ. ತೊಳೆದ ತಂತಿಯಲ್ಲಿ ಹಸಿರು ಛಾಯೆ ಉಳಿದರೆ ಅದು ನಿಕ್ಕಲ್ ಹೈಡ್ರಾಕ್ಸೈಡ್, ಶೇ. 1 ಅಸಿಟಿಕ್ ಆಮ್ಲದಲ್ಲಿ ಅರ್ಧ ನಿಮಿಷ ಅದ್ದಿ ಕೂಡಲೇ ನೀರಿಗೆ ಹಾಕಿ.

ತೊಳೆಯುವುದರಲ್ಲಿ ಆತುರ ಬೇಡ. ಅಯಸ್ಕಾಂತದಿಂದ ತಂತಿ ಹಿಡಿದು ನೀರು ಚೆಲ್ಲುವುದು ಮೂರು ಸಲ, ಆಮೇಲೆ ಎಥನಾಲ್‌ನಲ್ಲಿ ಎರಡು ಸಲ. ಮೂರನೇ ನೀರಿನ ತೊಳೆಗೆ ಒಂದು ಹನಿ ತೆಳು ಪರ್ಮಾಂಗನೇಟ್ ಬಿಡಿ. ಗುಲಾಬಿ ಉಳಿದರೆ ಸರಿ, ಮಾಸಿದರೆ ಹೈಡ್ರಜೀನ್ ಇನ್ನೂ ಇದೆ. ಈ ಪರೀಕ್ಷೆ ಎಥನಾಲ್ ತಾಗುವ ಮೊದಲೇ ಆಗಬೇಕು, ಎಥನಾಲ್ ತಾನೂ ಪರ್ಮಾಂಗನೇಟ್ ಬಣ್ಣ ತೆಗೆಯುತ್ತದೆ. ಉಳಿದ ಹೈಡ್ರಜೀನ್ ತಂತಿಯ ಮೇಲೆಯೇ ಒಡೆದು ಸಾರಜನಕ ಕೊಟ್ಟರೆ ಲೆಕ್ಕ ನೂರು ದಾಟುತ್ತದೆ. ಶೇ. 104 ಬಂತೆಂದು ಖುಷಿಪಡುವವರೂ ಇದ್ದಾರೆ ಮಾರಾಯ್ರೆ.

ಕೋಬಾಲ್ಟ್ ಹಚ್ಚುವಾಗ, ಹಚ್ಚಿದ ಮೇಲೆ

ಬರೀ ನಿಕ್ಕಲ್ ಈ ಕ್ರಿಯೆಗೆ ನಿಧಾನ. 10 ಮಿಲಿಗ್ರಾಂ ತಂತಿಯನ್ನು 0.05 ಮೋಲಾರ್ ಕೋಬಾಲ್ಟ್ ಕ್ಲೋರೈಡಿನಲ್ಲಿ ಹತ್ತು ನಿಮಿಷ ಅಲುಗಿಸಿ, ಹೆಚ್ಚಿನ ದ್ರಾವಣವನ್ನು ಚೆಲ್ಲಿ, ತಂತಿಯ ಮುದ್ದೆಯಲ್ಲಿ ನಿಂತದ್ದನ್ನು ಮಾತ್ರ ಉಳಿಸಿಕೊಂಡು, ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು 0.1 ಮೋಲಾರ್ ಬೋರೋಹೈಡ್ರೈಡ್ ಹನಿಹನಿ ಬಿಡಿ. ಚೆಲ್ಲದೆ ಹಾಗೇ ಬಿಟ್ಟರೆ ಕೋಬಾಲ್ಟ್ ಬೋರೈಡ್ ತಂತಿಯನ್ನು ಬಿಟ್ಟು ದ್ರಾವಣದಲ್ಲೇ ಮಸಿಯ ಹಾಗೆ ಹುಟ್ಟುತ್ತದೆ. ಅಯಸ್ಕಾಂತ ಹಿಡಿದ ಮೇಲೂ ನೀರು ಬೂದಿಯಾಗಿಯೇ ಉಳಿದರೆ ಆಗಿರುವುದು ಅದು. ಅಂಥ ಬ್ಯಾಚ್ ಮೊದಲ ಓಟದಲ್ಲಿ ಭಾರೀ ಚುರುಕು, ಮೂರನೆಯದಕ್ಕೆ ಪಾತಾಳ, ಯಾಕೆಂದರೆ ಮಸಿ ತೊಳೆಯ ನೀರಿನ ಜೊತೆ ಹೋಗಿರುತ್ತದೆ.

ಕಳಚುತ್ತಿದೆಯೇ ಎಂದು ತಿಳಿಯಲು ಓಟವನ್ನು ಅರ್ಧ ಗ್ಯಾಸು ಬಂದಾಗ ನಿಲ್ಲಿಸಿ. ತಂತಿಯನ್ನು ಅಯಸ್ಕಾಂತದಿಂದ ಗೋಡೆಗೆ ಹಿಡಿದು, ತಿಳಿಯನ್ನು ಸಿರಿಂಜ್ ಫಿಲ್ಟರ್ ಮೂಲಕ ಬೇರೆ ಫ್ಲಾಸ್ಕಿಗೆ ತೆಗೆಯಿರಿ. ಅಲ್ಲಿ ಗುಳ್ಳೆ ನಿಂತರೆ ಕೆಲಸ ತಂತಿಯ ಮೇಲೆಯೇ ನಡೆಯುತ್ತಿತ್ತು. ಮುಂದುವರಿದರೆ ಲೋಹ ದ್ರಾವಣದಲ್ಲಿದೆ. ಸಾಮಾನ್ಯ 0.2 ಮೈಕ್ರಾನ್ ಫಿಲ್ಟರಿನಲ್ಲಿ ತೀರ ಸಣ್ಣ ಕಣಗಳು ನುಸುಳುತ್ತವೆ, ಸಾಧ್ಯವಿದ್ದರೆ 0.02 ಮೈಕ್ರಾನಿನ ಅಲ್ಯುಮಿನಾ ಫಿಲ್ಟರ್ ಬಳಸಿ.

ಬಳಸಿದಷ್ಟು ಸೋಲುತ್ತ ಹೋಗುವ ತಂತಿಗೆ ಮೊದಲು ಬಿಸಿನೀರಿನ ಚಿಕಿತ್ಸೆ. ಮೆಟಾಬೋರೇಟ್ 25 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 28 ಗ್ರಾಂನಷ್ಟೇ ಕರಗುತ್ತದೆ. ಹಾಗಾಗಿ 100 ಗ್ರಾಂ ನೀರಿಗೆ 16 ಗ್ರಾಂಗಿಂತ ಹೆಚ್ಚು ಬೋರೋಹೈಡ್ರೈಡ್ ಹಾಕಿದರೆ ಕೊನೆಗೆ ಬೋರೇಟ್ ಹರಳಾಗಿ ತಂತಿಗಳ ನಡುವಿನ ಸಂದಿಗಳನ್ನು ಮುಚ್ಚುತ್ತದೆ. ಒಣಗಿದ ಚಾಪೆಯ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ, ಬಿಸಿಲಿಗೆ ಒಣಹಾಕಿದ ಬಟ್ಟೆಯ ಬೆವರಿನ ಗುರುತಿನ ಹಾಗೆ. 60 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಮತ್ತೆ ಓಡಿಸಿ. ವೇಗ ಮರಳಿದರೆ ಬೋರೇಟ್ ಅಷ್ಟೇ. ಮರಳದಿದ್ದರೆ ಸೂಕ್ಷ್ಮದರ್ಶಕದ ಚಿತ್ರ ಬೇಕು: ತಂತಿ ತುಂಡಾಗಿದೆಯೋ, ಕಟ್ಟುಕಟ್ಟಾಗಿ ಅಂಟಿದೆಯೋ, ಮೈಮೇಲಿನ ಕೋಬಾಲ್ಟ್ ಹೋಗಿದೆಯೋ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸುರತ್ಕಲ್ಲಿಗೋ ಮಣಿಪಾಲಕ್ಕೋ ಮಾದರಿ ಒಯ್ಯುವುದಾದರೆ ಹೊಸ ತಂತಿಯ ಒಂದು ಚೂರನ್ನೂ ಜೊತೆಗಿಡಿ. ಹೋಲಿಸಲು ಮೊದಲಿನದು ಇಲ್ಲದ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಪ್ರತಿ ಓಟದ ನಂತರ ತಂತಿಯನ್ನು ತೂಗುವುದನ್ನೂ ಮರೆಯಬೇಡಿ. ಫಿಲ್ಟರ್ ಕಾಗದಕ್ಕೆ ಅಂಟಿ ಎರಡು ಮಿಲಿಗ್ರಾಂ ಹೋದರೆ ವೇಗ ಶೇ. 20 ಇಳಿದದ್ದರಲ್ಲಿ ವಿಶೇಷವಿಲ್ಲ.

ತಂತಿಯನ್ನು ಒಣಗಿಸಿ ಇಡಬೇಡಿ, ನೀರಲ್ಲೂ ಇಡಬೇಡಿ. ಕತ್ತಿನವರೆಗೆ ತುಂಬಿದ ಎಥನಾಲ್ ಬಾಟ್ಲಿಯೇ ಸರಿ. ಉಪ್ಪುಗಾಳಿಗೆ ತೆರೆದಿಟ್ಟ ತಂತಿ ಬೇಗ ಮಂಕಾಗುತ್ತದೆ. ಜಲಜನಕ ಹೀರಿದ ಹೊಸ ತಂತಿಯನ್ನು ಒಮ್ಮೆಗೇ ಗಾಳಿಗೆ ಒಣಹಾಕಿದರೆ ಬಿಸಿಯಾಗಿ ಕಾಗದ ಕಂದಬಹುದು. ಮೈಗೆ ಪಲ್ಲೇಡಿಯಂ, ಪ್ಲಾಟಿನಂ ಹಚ್ಚಿದ್ದಾದರೆ ಹೊತ್ತಿಕೊಳ್ಳಲೂಬಹುದು.

ಬೇರೆ ಇಂಧನಗಳಿದ್ದರೆ

ಅಮೋನಿಯಾ ಬೋರೇನ್ 31 ಮಿಲಿಗ್ರಾಂಗೆ, ಅಂದರೆ ಒಂದು ಮಿಲಿಮೋಲಿಗೆ, ಮೂರು ಮಿಲಿಮೋಲ್ ಜಲಜನಕ. 30 ಡಿಗ್ರಿಯಲ್ಲಿ ಬ್ಯುರೆಟ್ ಓದು ಸುಮಾರು 78 ಮಿಲಿ. ಇದು ಬರೀ ನೀರಿನಲ್ಲೇ ಸ್ಥಿರ, ಕ್ಷಾರ ಬೇಡ. ಬೋರೋಹೈಡ್ರೈಡಿನ ವಿಧಾನವನ್ನು ನಕಲು ಮಾಡಿ ಹೈಡ್ರಾಕ್ಸೈಡ್ ಹಾಕಿದವರೇ ಅಮೋನಿಯಾ ವಾಸನೆ ಎಂದು ದೂರುವುದು. ಗ್ಯಾಸಿನ ದಾರಿಯಲ್ಲಿ ದುರ್ಬಲ ಗಂಧಕಾಮ್ಲದ ಬಾಟ್ಲಿ ಇಡಿ. ಅಮೋನಿಯಾ ಪತ್ತೆಗೆ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಗ್ಯಾಸಿಗೆ ಹಿಡಿಯಿರಿ. ಅರಿಶಿನದ ಕಾಗದ ಬೇಡ, ಅದು ಕ್ಷಾರಕ್ಕೂ ಕೆಂಪಾಗುತ್ತದೆ, ಆಮ್ಲದ ಜೊತೆ ಬೋರೇಟ್ ಒಣಗಿದರೂ ಕೆಂಪಾಗುತ್ತದೆ. ಯಾರು ಮಾಡಿದ್ದು ಎಂದು ಹೇಳುವಂತಿಲ್ಲ. ತಾಮ್ರದ ನ್ಯಾನೋತಂತಿ ಬಳಸುವವರು ಓಟ ಮುಗಿದ ಮೇಲೆ ಫ್ಲಾಸ್ಕನ್ನು ರಾತ್ರಿಯಿಡೀ ತೆರೆದಿಟ್ಟರೆ ಬೆಳಿಗ್ಗೆ ದ್ರಾವಣ ನೀಲಿ. ಅಮೋನಿಯಾ ಮತ್ತು ಗಾಳಿ ಸೇರಿ ತಂತಿಯನ್ನೇ ಕರಗಿಸಿರುತ್ತವೆ.

ಹೈಡ್ರಜೀನ್ ಹೈಡ್ರೇಟನ್ನೇ ಇಂಧನ ಮಾಡಿಕೊಂಡರೆ ಒಂದು ಮೋಲಿಗೆ ಒಟ್ಟು ಮೂರು ಮೋಲ್ ಗ್ಯಾಸು, ಎರಡು ಜಲಜನಕ, ಒಂದು ಸಾರಜನಕ. ಇಲ್ಲಿ ಮಾತ್ರ ಮೊದಲು ಹೇಳಿದ ನಿಯಮ ಮುರಿಯುತ್ತದೆ: ಒಟ್ಟು ಗ್ಯಾಸಿಗೂ ವೇಗವರ್ಧಕವೇ ಹೊಣೆ, ಯಾಕೆಂದರೆ ಅಡ್ಡದಾರಿ ಹಿಡಿದರೆ ಜಲಜನಕದ ಬದಲು ಅಮೋನಿಯಾ ಆಗುತ್ತದೆ. ಫಾರ್ಮಿಕ್ ಆಮ್ಲದಲ್ಲೂ ಹಾಗೆಯೇ. ಸರಿದಾರಿಯಲ್ಲಿ ಜಲಜನಕ, ಇಂಗಾಲದ ಡೈಆಕ್ಸೈಡ್ ಸಮಸಮ. ಗ್ಯಾಸನ್ನು ಕ್ಷಾರದ ಬಾಟ್ಲಿಯಲ್ಲಿ ಹಾಯಿಸಿದರೆ ಗಾತ್ರ ಅರ್ಧಕ್ಕಿಳಿಯಬೇಕು. ಅಡ್ಡದಾರಿಯಲ್ಲಿ ಬರುವ ಕಾರ್ಬನ್ ಮಾನಾಕ್ಸೈಡ್ ಮನುಷ್ಯರಿಗೂ ಪ್ಲಾಟಿನಂಗೂ ವಿಷ.

ಕೆಲಸ ಮುಗಿದ ಮೇಲೆ

ಜಲಜನಕ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಬೆರೆತರೆ ಹೊತ್ತಿಕೊಳ್ಳಬಲ್ಲದು. ಬ್ಯುರೆಟ್‌ನ ನೂರು ಮಿಲಿ ದೊಡ್ಡದಲ್ಲ, ಆದರೆ 10 ಗ್ರಾಂ ಬೋರೋಹೈಡ್ರೈಡಿನಿಂದ 26 ಲೀಟರ್ ಬರುತ್ತದೆ. ಮಳೆ ಬರುತ್ತದೆಂದು ಕಿಟಕಿಯೆಲ್ಲ ಮುಚ್ಚಿದ ಕೋಣೆಯಲ್ಲಿ ಅಷ್ಟನ್ನು ಬಿಡಬೇಡಿ, ಟ್ಯೂಬನ್ನು ಹೊರಗೆ ಹಾಕಿ.

ನಿಕ್ಕಲ್, ಕೋಬಾಲ್ಟ್ ಇರುವ ನೀರನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಚೆಲ್ಲಬೇಡಿ, ನಮ್ಮಲ್ಲಿ ತೊಟ್ಟಿಯ ನೀರು ಇಂಗುವುದು ಯಾರದೋ ಬಾವಿಗೆ. ತಂತಿಯನ್ನು ಅಯಸ್ಕಾಂತದಿಂದ ಎತ್ತಿ, ಉಳಿದದ್ದನ್ನು ಗುರುತು ಬರೆದ ಕ್ಯಾನಿನಲ್ಲಿ ಶೇಖರಿಸಿ. ಅದಕ್ಕೂ ಮೊದಲು ಉಳಿದ ಬೋರೋಹೈಡ್ರೈಡನ್ನು ಕೊಲ್ಲಬೇಕು: ಹೊಗೆಗೂಡಿನಲ್ಲಿ ಅಗಲ ಬಾಯಿಯ ಬೀಕರಿನಲ್ಲಿ ಚೆನ್ನಾಗಿ ನೀರು ಬೆರೆಸಿ, ದುರ್ಬಲ ಅಸಿಟಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ಇಳಿದ ಮೇಲೆ ಇನ್ನೊಂದಿಷ್ಟು. ಹೊಸ ಹನಿಗೂ ಗುಳ್ಳೆ ಏಳದಂತಾದ ಮೇಲೂ ಕ್ಯಾನಿನ ಮುಚ್ಚಳವನ್ನು ಆ ರಾತ್ರಿ ಸಡಿಲವಾಗಿಯೇ ಬಿಡಿ, ಮರುದಿನ ಬಿಗಿ ಮಾಡಿದರೆ ಸಾಕು.